ಬಡಿಯಬೇಡಿ, ತೇಯಿರಿ: ಟೈಲ್ಸ್, ಗ್ರಾನೈಟ್‌ನಲ್ಲಿ ತೂತು ಕೊರೆಯುವ ಬಗೆ

ಬಾತ್‌ರೂಮಿಗೆ ಟವೆಲ್ ರಾಡ್ ಹಾಕಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಫಿಲ್ಟರ್ ನೀರಿನ ನಲ್ಲಿ ಕೂರಿಸಬೇಕು. ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬರಲು ಒಪ್ಪುವುದಿಲ್ಲ. ಮನೆಯಲ್ಲೇ ಡ್ರಿಲ್ಲಿಂಗ್ ಮೆಷಿನ್ ಇದೆಯಲ್ಲ ಅಂತ ಹ್ಯಾಮರ್‌ಗೆ (ಬಡಿಯುತ್ತಾ ಕೊರೆಯುವ ಬಗೆಗೆ) ಹಾಕಿ ಒತ್ತಿದರೆ ಚಟ್ ಅಂತ ಸದ್ದು, ಟೈಲ್ಸ್ ಮೇಲೆ ಉದ್ದ ಬಿರುಕು. ಅದೇ ಡಿಸೈನಿನ ಟೈಲ್ಸ್ ಮತ್ತೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಇದು ಎಷ್ಟೋ ಮನೆಗಳಲ್ಲಿ ಆಗುವ ಕತೆ.

ಟೈಲ್ಸ್ ಆಗಲಿ ಕಲ್ಲಾಗಲಿ, ಪೆಟ್ಟು ಬಿದ್ದರೆ ಒಡೆಯುತ್ತದೆ. ಆದರೆ ಸವೆಸಿದರೆ ಸುಮ್ಮನೆ ಸವೆಯುತ್ತದೆ. ಗಂಧದ ಕೊರಡನ್ನು ನೀರು ಬಿಟ್ಟು ತೇಯುತ್ತೇವಲ್ಲ, ಇಲ್ಲಿನ ಕೆಲಸವೂ ಹಾಗೆಯೇ: ನೀರು, ಹಗುರ ಕೈ, ತಾಳ್ಮೆ. ಈ ಮೂರು ಇದ್ದರೆ ಮೊದಲ ಸಲ ಮಾಡುವವರಿಗೂ ಅಂದವಾದ ತೂತು ಬರುತ್ತದೆ.

ಮೊದಲು ಕಲ್ಲನ್ನು ಗುರುತಿಸಿ

ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅಮೃತಶಿಲೆಗೆ ಸುಮಾರು 3, ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್‌ಗೆ 7, ವಜ್ರಕ್ಕೆ 10. ನಮ್ಮ ಹಳೇ ಮನೆಗಳಲ್ಲಿರುವ ಶಹಾಬಾದ್ ಕಲ್ಲು, ಕಡಪಾ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ, ಮೆದು. ಗೋಡೆಗೆ ಹಾಕುವ ಮಾಮೂಲಿ ಮೇಸನ್ರಿ ಬಿಟ್ (ಡ್ರಿಲ್‌ಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಸಾಕು. ಹ್ಯಾಮರ್ ಮಾತ್ರ ಬೇಡ, ಪದರ ಎದ್ದುಬಿಡುತ್ತದೆ.

ಟೈಲ್ಸ್‌ನಲ್ಲಿ ಎರಡು ಬಗೆ. ಉಳಿದಿರುವ ಒಂದು ತುಂಡನ್ನು ತಿರುಗಿಸಿ ಹಿಂಭಾಗಕ್ಕೆ ಒಂದು ಹನಿ ನೀರು ಹಾಕಿ. ನೀರನ್ನು ಹೀರಿಕೊಂಡರೆ ಅದು ಗೋಡೆಯ ಸೆರಾಮಿಕ್ ಟೈಲ್ಸ್. ಬಾಣದ ತುದಿಯಂಥ ಗ್ಲಾಸ್ ಬಿಟ್‌ನಲ್ಲೂ ತೂತಾಗುತ್ತದೆ. ಹನಿ ಹಾಗೇ ನಿಂತರೆ ವಿಟ್ರಿಫೈಡ್. ಇದು ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ, ಅಷ್ಟು ಬಿಗಿಯಾಗಿ ಸುಟ್ಟಿರುತ್ತಾರೆ. ಇದಕ್ಕೂ ಗ್ರಾನೈಟ್‌ಗೂ ಡೈಮಂಡ್ ಬಿಟ್ ಬೇಕೇ ಬೇಕು. ಬೇರೆ ಬಿಟ್‌ನಲ್ಲಿ ಹೆಣಗಾಡಿದರೆ ಬಿಟ್ ಹಾಳಾಗುತ್ತದೆ, ಟೈಲ್ಸ್ ಕಾಯುತ್ತದೆ, ಕೊನೆಗೆ ಒಡೆಯುತ್ತದೆ.

ಡೈಮಂಡ್ ಬಿಟ್ ಅಂದರೆ ಒಂದು ಟೊಳ್ಳು ಕೊಳವೆ. ಅದಕ್ಕೆ ಹಲ್ಲುಗಳಿಲ್ಲ, ಬಾಯಿಯ ಸುತ್ತ ವಜ್ರದ ಪುಡಿ ಅಂಟಿಸಿರುತ್ತಾರೆ. ಅಂಟು ಕಾದರೆ ಪುಡಿ ಉದುರಿಹೋಗುತ್ತದೆ, ಬರೀ ಕಬ್ಬಿಣ ತಿರುಗುತ್ತಿರುತ್ತದೆ. ನೀರು ಬೇಕಾಗಿರುವುದು ಇದಕ್ಕೇ. ಪ್ಲಗ್ (ಸ್ಕ್ರೂ ಹಿಡಿದುಕೊಳ್ಳಲು ತೂತಿಗೆ ತುರುಕುವ ಪ್ಲಾಸ್ಟಿಕ್ ತುಂಡು) ಹಾಕುವ ಸ್ಕ್ರೂಗೆ 6 ಅಥವಾ 8 ಮಿ.ಮೀ. ಬಿಟ್ ತನ್ನಿ. ಸಿಂಕಿನ ಮಿಕ್ಸರ್ ನಲ್ಲಿಗೆ ಸಾಮಾನ್ಯವಾಗಿ 35 ಮಿ.ಮೀ. ಆದರೂ ನಲ್ಲಿಯ ಡಬ್ಬಿಯ ಮೇಲಿನ ಅಳತೆಯನ್ನು ಒಮ್ಮೆ ನೋಡಿಕೊಳ್ಳಿ.

ತೂತು ಕೊರೆಯುವುದು

ಎಲ್ಲಿ ಕೊರೆಯಬಾರದು ಅನ್ನುವುದನ್ನು ಮೊದಲು ತಿಳಿಯಿರಿ. ನಲ್ಲಿಯ ನೇರ ಮೇಲೆ, ನೇರ ಕೆಳಗೆ ಗೋಡೆಯೊಳಗೆ ಪೈಪ್ ಇರುವ ಸಾಧ್ಯತೆ ಜಾಸ್ತಿ. ಸ್ವಿಚ್, ಗೀಸರ್ ಪಾಯಿಂಟ್‌ನ ಸಾಲಿನಲ್ಲಿ ವೈರ್ ಇರುತ್ತದೆ. ಟೈಲ್ಸ್ ಅಂಚಿಗೆ ತೀರ ಹತ್ತಿರವೂ ಬೇಡ, ಒಂದು ಇಂಚಾದರೂ ಬಿಡಿ.

ಗುರುತು ಹಾಕಿದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೆಷಿನ್‌ನ ಹ್ಯಾಮರ್ ಗುಂಡಿ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ. ಬ್ಯಾಟರಿ ಡ್ರಿಲ್ ಇದ್ದರೆ ಅದನ್ನೇ ಬಳಸಿ, ನೀರಿನ ಹತ್ತಿರ ವೈರ್ ಇಲ್ಲದಿರುವುದೇ ಕ್ಷೇಮ. ವೈರ್ ಇರುವ ಮೆಷಿನ್ ಆದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನಿನಲ್ಲಿ ಮಾತ್ರ ಹಾಕಿ.

ಇನ್ನು ಶುರು ಮಾಡುವ ಕ್ಷಣ. ಹೆಚ್ಚಿನವರು ಎಡವುವುದು ಇಲ್ಲೇ. ಟೊಳ್ಳು ಬಿಟ್‌ಗೆ ನಡುವೆ ಮೊನೆ ಇಲ್ಲ. ನೇರ ಇಟ್ಟು ಚಾಲೂ ಮಾಡಿದರೆ ನುಣುಪು ಟೈಲ್ಸ್ ಮೇಲೆ ಜಾರಿ ಓಡುತ್ತದೆ, ಉದ್ದಕ್ಕೂ ಗೀರು ಬೀಳುತ್ತದೆ. ಅದಕ್ಕೇ ಬಿಟ್ಟನ್ನು ಸುಮಾರು 45 ಡಿಗ್ರಿ ವಾಲಿಸಿ, ಬಾಯಿಯ ಒಂದು ಅಂಚು ಮಾತ್ರ ತಾಗುವಂತೆ ಹಿಡಿಯಿರಿ. ಟ್ರಿಗರ್ ಮೆಲ್ಲಗೆ ಒತ್ತಿ. ಕೆಲವೇ ಸೆಕೆಂಡಿನಲ್ಲಿ ಟೇಪ್ ಹರಿದು, ಟೈಲ್ಸ್ ಮೇಲೆ ಉಗುರಿನಷ್ಟು ಅರ್ಧಚಂದ್ರದ ಗುರುತು ಕಾಣುತ್ತದೆ. ಬಿಟ್ ಅದರಲ್ಲಿ ಕೂತಿದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಆಗ ತಿರುಗುತ್ತಿರುವಾಗಲೇ ನಿಧಾನವಾಗಿ ಎತ್ತಿ ನೇರ ಮಾಡಿ. ಅರ್ಧಚಂದ್ರ ಪೂರ್ಣ ಉಂಗುರವಾಗುತ್ತದೆ. ಇನ್ನು ಅದು ಜಾರುವುದಿಲ್ಲ.

ವೇಗದ ಲೆಕ್ಕ ಸುಲಭ: ಬಿಟ್ ದೊಡ್ಡದಾದಷ್ಟೂ ನಿಧಾನ. 6ರಿಂದ 10 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸಾವಿರ, ಸಾವಿರದ ಐನೂರು ಸುತ್ತು ಸರಿ. 35 ಮಿ.ಮೀ. ಬಿಟ್ಟನ್ನು ಐನೂರರ ಆಸುಪಾಸಿನಲ್ಲಿ ಇಡಿ. ಮೆಷಿನ್ನಿನ ಭಾರಕ್ಕಿಂತ ಸ್ವಲ್ಪ ಹೆಚ್ಚು ಒತ್ತಿದರೆ ಸಾಕು. ಆಗಾಗ ಬಿಟ್ಟನ್ನು ಹೊರಗೆಳೆದು ನೀರು ಒಳಗೆ ಹೋಗಲು ಬಿಡಿ.

ಗೋಡೆಯಾದರೆ ಪಕ್ಕದಲ್ಲಿ ಒಬ್ಬರು ನಿಂತು ಸ್ಪ್ರೇ ಬಾಟಲಿಯಿಂದ ನೀರು ಹೊಡೆಯಲಿ, ಬಿಟ್‌ನ ಮೇಲೆ, ಮೆಷಿನ್ ಮೇಲಲ್ಲ. ಕಟ್ಟೆಯೋ ನೆಲವೋ ಆದರೆ ತೂತಿನ ಸುತ್ತ ಚಪಾತಿ ಹಿಟ್ಟಿನ ಕಟ್ಟೆ ಕಟ್ಟಿ ಒಳಗೆ ನೀರು ತುಂಬಿಸಿ.

ಹೊರಬರುವ ಕೆಸರನ್ನು ಗಮನಿಸುತ್ತಿರಿ. ಗೋಡೆಯ ಟೈಲ್ಸ್ ಕೊರೆಯುವಾಗ ಮೇಲಿನ ಹೊಳಪಿನ ಪದರ (ಗ್ಲೇಜ್) ದಾಟಿದ ಮೇಲೆ ಕೆಸರಿಗೆ ಟೈಲ್ಸ್ ಒಳಮೈಯ ಬಣ್ಣ ಬರುತ್ತದೆ, ಕೆಂಪೋ ಕೆನೆಯೋ. ಸಿಮೆಂಟಿನ ಬೂದು ಬಣ್ಣ ಕಂಡಿತು ಅಂದರೆ ಟೈಲ್ಸ್ ಮುಗಿಯಿತು. ಅಲ್ಲಿಂದ ಮುಂದೆ ಡೈಮಂಡ್ ಬಿಟ್ ಕೆಲಸ ಇಲ್ಲ. ಮೇಸನ್ರಿ ಬಿಟ್ ಹಾಕಿ, ಈಗ ಹ್ಯಾಮರ್ ಬಳಸಬಹುದು. ಆದರೆ ಗೋಡೆಯ ಬಿಟ್ ಟೈಲ್ಸ್ ತೂತಿಗಿಂತ ಒಂದು ಅಳತೆ ಸಣ್ಣದಿರಲಿ, ಅಂಚಿಗೆ ತಾಗಬಾರದು. ಪ್ಲಗ್ಗನ್ನು ಟೈಲ್ಸ್ ದಾಟಿಸಿ ಗೋಡೆಯೊಳಕ್ಕೆ ತಳ್ಳಿ. ಟೈಲ್ಸ್ ಒಳಗೇ ಉಳಿದರೆ ಸ್ಕ್ರೂ ಬಿಗಿಯುವಾಗ ಪ್ಲಗ್ ಉಬ್ಬಿ ಟೈಲ್ಸ್ ಸೀಳುತ್ತದೆ. ತೂತು ಚೆನ್ನಾಗಿ ಬಂದ ಮೇಲೂ ಟೈಲ್ಸ್ ಒಡೆಯುವುದು ಹೆಚ್ಚಾಗಿ ಹೀಗೇ.

ಗ್ರಾನೈಟ್ ಕಟ್ಟೆ 18, 20 ಮಿ.ಮೀ. ದಪ್ಪ ಇರುತ್ತದೆ, ಹೊತ್ತು ಹಿಡಿಯುತ್ತದೆ. ಬಿಟ್ ಕೆಳಗೆ ಹೊರಬರುವ ಹೊತ್ತಿಗೆ ಒತ್ತಡ ಪೂರ್ತಿ ಇಳಿಸಿ, ಇಲ್ಲದಿದ್ದರೆ ಅಡಿಭಾಗದಲ್ಲಿ ಚೂರು ಎದ್ದು ಹಾರುತ್ತದೆ. ಕೆಳಗಿನಿಂದ ಪ್ಲೈವುಡ್ ತುಂಡು ಒತ್ತಿಟ್ಟರೆ ಇನ್ನೂ ಒಳ್ಳೆಯದು.

ದುಂಡಗೆ ಕತ್ತರಿಸುವುದು

ಬಾತ್‌ರೂಮಿನ ನೀರು ಹೋಗುವ ನೆಲದ ನಹಾನಿ ಟ್ರ್ಯಾಪ್ ಸುತ್ತ, ಪೈಪಿನ ಸುತ್ತ ಟೈಲ್ಸ್ ಕೂರಿಸಲು ದೊಡ್ಡ ಬಾಗು ಬೇಕಾಗುತ್ತದೆ. ಇದಕ್ಕೆ 4 ಇಂಚಿನ ಗ್ರೈಂಡರ್, ಅದಕ್ಕೆ ಅಂಚಿನಲ್ಲಿ ಕಚ್ಚುಗಳಿಲ್ಲದ ಡೈಮಂಡ್ ಬ್ಲೇಡ್ ಬೇಕು. ಕಚ್ಚಿರುವ ಬ್ಲೇಡ್ ಕಾಂಕ್ರೀಟಿಗೆ ಸರಿ, ಟೈಲ್ಸ್ ಅಂಚನ್ನು ಚೂರುಚೂರು ಮಾಡುತ್ತದೆ.

ಬ್ಲೇಡ್ ಚಪ್ಪಟೆ. ಆಳಕ್ಕೆ ಇಳಿದ ಮೇಲೆ ಅದನ್ನು ತಿರುಗಿಸಲು ಹೋದರೆ ಸಿಕ್ಕಿಕೊಂಡು ಮೆಷಿನ್ ಕೈಯಿಂದ ಎಗರುತ್ತದೆ. ಹಾಗಾಗಿ ಬಾಗನ್ನು ಒಂದೇ ಸಲಕ್ಕೆ ಕತ್ತರಿಸಲು ಹೋಗಬೇಡಿ. ಅಂಚಿನಲ್ಲಿ ಅರ್ಧವೃತ್ತ ಬೇಕು ಅನ್ನಿ. ಗುರುತು ಹಾಕಿ, ಅಂಚಿನಿಂದ ಗುರುತಿನವರೆಗೆ ಬೆರಳಗಲಕ್ಕೊಂದರಂತೆ ನೇರ ಸೀಳು ಕೊಡಿ, ಗುರುತಿಗೆ ಒಂದೆರಡು ಮಿ.ಮೀ. ಮೊದಲೇ ನಿಲ್ಲಿಸಿ. ನಡುವೆ ಉಳಿದ ಪಟ್ಟಿಗಳನ್ನು ಇಕ್ಕಳದಿಂದ ಒಂದೊಂದಾಗಿ ಮುರಿಯಿರಿ. ಉಳಿದ ಮೊಂಡುಗಳನ್ನು ಬ್ಲೇಡ್ ಅಂಚಿನಿಂದ ಹಗುರವಾಗಿ ಸವರಿ, ಕೊನೆಗೆ ಡೈಮಂಡ್ ಅರದಿಂದ ಉಜ್ಜಿ. ಟೈಲ್ಸ್ ನಡುವೆಯೇ ದೊಡ್ಡ ವೃತ್ತ ಬೇಕಿದ್ದರೆ, ಗುರುತಿನ ಒಳಗಡೆ ಒಂದೊಂದು ಮಿ.ಮೀ. ಆಳಕ್ಕೆ ಸುತ್ತ ಸುತ್ತ ಗೀರುತ್ತಾ ಹೋಗಿ.

ಚೌಕ ಕಿಂಡಿಗೂ ಇಲ್ಲೊಂದು ಮಾತು. ಒಳಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಸೇರುತ್ತದೆ, ಇವತ್ತಲ್ಲ ನಾಳೆ ಬಿರುಕು ಶುರುವಾಗುವುದೂ ಅಲ್ಲಿಂದಲೇ. ನಾಲ್ಕು ಮೂಲೆಗೂ ಮೊದಲು ಸಣ್ಣ ತೂತು ಹೊಡೆದು, ತೂತಿನಿಂದ ತೂತಿಗೆ ನೇರ ಕತ್ತರಿಸಿ. ಗ್ರಾನೈಟ್ ಕಟ್ಟೆಯಲ್ಲಿ ಪೂರಾ ಸಿಂಕ್ ಕಿಂಡಿ ಮಾಡುವುದನ್ನು ಮಾತ್ರ ಕಲ್ಲು ಕೆಲಸದವರಿಗೇ ಬಿಡಿ. ಮುಂದೆ ಉಳಿಯುವ ಕಿರಿದಾದ ಪಟ್ಟಿ ಬಹಳ ಬೇಗ ಮುರಿಯುತ್ತದೆ.

ಧೂಳಿನ ಬಗ್ಗೆ ದಯವಿಟ್ಟು ಕೇಳಿ

ಗ್ರೈಂಡರ್ ನಿಮಿಷಕ್ಕೆ 11 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಗಾರ್ಡ್ ಬಿಚ್ಚಬೇಡಿ, ಕನ್ನಡಕ ಹಾಕಿ, ಲುಂಗಿ, ದುಪಟ್ಟಾ ಹತ್ತಿರ ಸುಳಿಯದಿರಲಿ. ಇದೆಲ್ಲ ಕಣ್ಣಿಗೆ ಕಾಣುವ ಅಪಾಯ. ಕಾಣದ್ದು ಕಲ್ಲು, ಟೈಲ್ಸ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳು. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್‌ಗೆ ಕಾರಣ ಇದೇ ಧೂಳು. ಒಮ್ಮೆ ಬಂದರೆ ಆ ಕಾಯಿಲೆ ವಾಸಿಯಾಗುವುದಿಲ್ಲ. ಈಗ ಅಡುಗೆಮನೆಗೆ ಬರುತ್ತಿರುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ ಶೇ 90ರವರೆಗೂ ಇರಬಹುದು. ಅದನ್ನು ಕತ್ತರಿಸಿದ ಯುವ ಕೆಲಸಗಾರರು ಕಾಯಿಲೆಗೆ ಬಿದ್ದಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಮನೆಯಲ್ಲಿ ಅದನ್ನು ಕತ್ತರಿಸಲೇಬೇಡಿ.

ಬೇರೆ ಟೈಲ್ಸ್, ಕಲ್ಲನ್ನೂ ಮನೆಯೊಳಗೆ ಒಣಗಿದ್ದಾಗ ಕತ್ತರಿಸಬೇಡಿ. ಅಂಗಳಕ್ಕೋ ತಾರಸಿಗೋ ಒಯ್ಯಿರಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ. ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ, ಎನ್95 ಮಾಸ್ಕ್ ಬೇಕು. ನಿಮ್ಮ ಮನೆಗೆ ಟೈಲ್ಸ್ ಹಾಕಲು ಬಂದ ಹುಡುಗನಿಗೂ ಒಂದು ಕೊಡಿ, ಅವನು ದಿನವಿಡೀ ಇದೇ ಧೂಳಿನಲ್ಲಿರುತ್ತಾನೆ.

ಕೆಲಸ ಮುಗಿದ ಮೇಲೆ ತೂತಿನ ಅಂಚನ್ನು ವಾಟರ್ ಪೇಪರಿನಿಂದ ಉಜ್ಜಿ. ನಲ್ಲಿಯ ಫ್ಲ್ಯಾಂಜ್ (ತೂತಿನ ಅಂಚು ಮುಚ್ಚುವ ಬಿಲ್ಲೆ) ಕೂರಿಸುವ ಮುನ್ನ ಸುತ್ತ ಸಿಲಿಕೋನ್ ಹಚ್ಚಿ, ಟೈಲ್ಸ್ ಹಿಂದೆ ನೀರು ಇಳಿಯುವುದಿಲ್ಲ. ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೇ ಬಕೆಟ್‌ನಲ್ಲಿ ಹಿಂಡಿ. ಸಿಂಕಿಗೆ ಸುರಿದರೆ ಟ್ರ್ಯಾಪ್‌ನ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿ ನೀರು ಚೆಲ್ಲಿ, ಅಡಿಯ ಹೂಳನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.