ಕೌಬಾಯ್ ಕೈಯ ಹಗ್ಗ: ಎರಕ ಬಿಟ್ಟು ಹೊಸೆದದ್ದು

ಅಮೆರಿಕದ ಕೊಲೊರಾಡೊದ ಲವ್‌ಲ್ಯಾಂಡ್ ಕಡೆ ಕಂಚಿನ ಎರಕದವರಿಗೆಲ್ಲ ಗೊತ್ತಿರುವ ತಲೆನೋವು ಇದು. ಕುದುರೆ, ಸವಾರ, ತಡಿ ಎಲ್ಲ ಚೆನ್ನಾಗಿ ಇಳಿಯುತ್ತವೆ, ಕೌಬಾಯ್ ಬೀಸುವ ಕುಣಿಕೆ ಹಗ್ಗ, ಲ್ಯಾಸೊ ಮಾತ್ರ ಕೈಕೊಡುತ್ತದೆ. 20 ಇಂಚಿನ ಕಂಚಿನ ಪ್ರತಿಮೆಗೆ ಹಗ್ಗ 2 ಮಿ.ಮೀ. ದಪ್ಪ ಇದ್ದರೇ ಕಣ್ಣಿಗೆ ಸರಿ.

ಮೇಣದ ಮಾದರಿಯ ಮೇಲೆ ಗಟ್ಟಿ ಕವಚ (ಶೆಲ್) ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಕಂಚು ಹೊಯ್ಯುವುದು ನಮ್ಮ ಕ್ರಮ. ಮೊದಲು ಹಗ್ಗವನ್ನೂ ಮೇಣದಲ್ಲೇ ಮಾಡಿದೆ. ಹದಿನಾಲ್ಕೋ ಹದಿನೈದೋ ಮೇಣ ಹಾಳಾದವು. ಅರ್ಧದಷ್ಟು ಕವಚ ಕಟ್ಟುವ ಕೆಸರಿನಂಥ ಸ್ಲರಿಯ ಮೊದಲ ಪದರದ ಭಾರಕ್ಕೇ ಮುರಿದವು. ಉಳಿದವುಗಳಲ್ಲಿ ಲೋಹ ಕುಣಿಕೆ ಸುತ್ತಿ ಬರುವ ಮೊದಲೇ ಹೆಪ್ಪುಗಟ್ಟಿತು. 1150 ಡಿಗ್ರಿ ಸೆಲ್ಸಿಯಸ್ ಸಾಲದೆಂದು ಇನ್ನಷ್ಟು ಕಾಯಿಸಿದೆ, ಮೈಯೆಲ್ಲ ಗಾಳಿಗುಳ್ಳೆ. ಆರು ಕಡೆ ಗೇಟ್ (ಲೋಹ ಒಳಬರುವ ದಾರಿ) ಕೊಟ್ಟಾಗ ಹಗ್ಗವೇನೋ ತುಂಬಿತು, ಗೇಟ್ ಉಜ್ಜುವಾಗ ಹುರಿಯೂ ಅಳಿಸಿಹೋಯಿತು. ಆ ಹುರಿ ಮತ್ತೆ ಕೊರೆಯಲು ಪ್ರತಿ ಪ್ರತಿಮೆಗೆ ಐದಾರು ಗಂಟೆ, ಅಂದರೆ ಸುಮಾರು 300 ಡಾಲರ್ ಕೂಲಿ. ಗ್ಯಾಲರಿ ತನ್ನ ಅರ್ಧ ಪಾಲು ತೆಗೆದುಕೊಂಡ ಮೇಲೆ ಅದು ನಮ್ಮ ಜೇಬಿನಿಂದಲೇ ಹೋಗುವ ದುಡ್ಡು. ನಡುವೆ ಪ್ಲಾಸ್ಟಿಕ್ ಪ್ರಿಂಟ್ ಹಗ್ಗವನ್ನೂ ನೋಡಿದೆ. ಸುಡುವಾಗ ಹಿಗ್ಗಿ ಶೆಲ್ ಸೀಳಿತು. ಎರಕ ಬಿಟ್ಟು ತಂತಿ ಹೊಸೆಯೋಣವೆಂದರೆ, ವಿದ್ಯುತ್ತಿಗೆ ಬಳಸುವ ತಾಮ್ರದ ತಂತಿ ಮೆತ್ತಗೆ, ಬಣ್ಣವೂ ಕೆಂಪು. ಹಿತ್ತಾಳೆಗೆ ಟಿಗ್ ವೆಲ್ಡಿಂಗ್ ಹಿಡಿದರೆ ಸತುವಿನ ಬಿಳಿ ಹೊಗೆ.

ಈಗ ಬಳಸುವುದು ಮಿಗ್ ವೆಲ್ಡಿಂಗಿನ ಸಿಲಿಕಾನ್ ಕಂಚಿನ ತಂತಿ, 0.9 ಮಿ.ಮೀ. ನಾವು ಹೊಯ್ಯುವ ಲೋಹಕ್ಕೆ ಹೆಚ್ಚುಕಡಿಮೆ ಅದೇ ಜಾತಿ. ತಂತಿಯ ಬಣ್ಣ ಎರಕದ ಬಣ್ಣಕ್ಕೆ ಕೂಡುವುದಿಲ್ಲ ಎಂದವರು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾಲ್ಕಡಿ ಹಗ್ಗಕ್ಕೆ ಐದಡಿಯ ಮೂರೆಳೆ. ಡ್ರಿಲ್ಲಿಗೆ ಸಿಕ್ಕಿಸಿ ಅರ್ಧ ಹುರಿ ಹಾಕಿ, ಮಂದ ಕೆಂಪಿಗೆ ಕಾಯಿಸಿ, ಆರಿದ ಮೇಲೆ ಉಳಿದ ಹುರಿ. ಕಾಯಿಸದೆ ಒಂದೇ ಸಲ ಹೊಸೆದರೆ ಸ್ಪ್ರಿಂಗಿನಂತೆ ಎಗರುತ್ತದೆ, ಹುರಿ ಹೆಚ್ಚಾದರೆ ಗಂಟು ಬೀಳುತ್ತದೆ. ಎರಡು ಪೌಂಡಿನ ಸುರುಳಿಗೆ 40-45 ಡಾಲರ್ ಕೊಟ್ಟ ನೆನಪು. 30 ಪ್ರತಿಗಳ ಆವೃತ್ತಿ ಅದರಲ್ಲೇ ಮುಗಿಯಿತು. ಕುಣಿಕೆಗೆ ಗಾಳಿಯಲ್ಲಿ ತೇಲುವ ಬಾಗು ಕೊಡುವ ಚೌಕಟ್ಟು ಯಾವುದೆಂದು ಮಾತ್ರ ಕೇಳಬೇಡಿ.

ಸವಾರನ ಮುಷ್ಟಿಯಲ್ಲಿ ತೂತು ಕೊರೆದು 8 ಮಿ.ಮೀ. ಒಳಗಿಳಿಸಿ, ಹಿಂಬದಿಯಿಂದ ಬೆಸೆಯಬೇಕು. ವೆಲ್ಡಿಂಗಿನ ಆರ್ಕ್ (ವಿದ್ಯುತ್ ಕಿಡಿ) ಪ್ರತಿಮೆಯ ಕೈಯ ಮೇಲಿರಲಿ. ತಂತಿಗೆ ತಗುಲಿದರೆ ಕರಗಿ ಗುಂಡಾಗುತ್ತದೆ.

ಅಮೆರಿಕದ ಶಿಲ್ಪಿ ರೆಮಿಂಗ್ಟನ್, ಕುದುರೆ ಪಳಗಿಸುವ ಕೌಬಾಯ್‌ನ ತನ್ನ 1895ರ 'ಬ್ರಾಂಕೊ ಬಸ್ಟರ್' ಅನ್ನು ಮೊದಲು ಮರಳಿನ ಅಚ್ಚಿನಲ್ಲಿ ಹೊಯ್ಸಿದ್ದು. ನ್ಯೂಯಾರ್ಕಿನ ಎರಕದ ಮನೆ ರೋಮನ್ ಬ್ರಾಂಜ್ ವರ್ಕ್ಸ್‌ನ ಮೇಣದೆರಕಕ್ಕೆ ಬಂದ ಮೇಲೆ ಒಂದೊಂದು ಮೇಣವನ್ನೂ ತಿದ್ದತೊಡಗಿದ. ಉಣ್ಣೆಯ ಚಾಪ್ಸ್ (ಸವಾರರ ಕಾಲ್ಗವಚ) ತೊಟ್ಟ ಪ್ರತಿಯೂ ಇದೆ. ಅದನ್ನು ನೋಡಿ ನಾನೂ ಚರ್ಮದ ಚೂರೊಂದನ್ನು ಮೇಣಕ್ಕೆ ಒತ್ತಿ ಚಾಪ್ಸ್ ಮಾಡಿದೆ. ಅಷ್ಟು ಸಣ್ಣ ಅಳತೆಗೆ ಆ ಚರ್ಮದ ರಂಧ್ರಗಳು ಸಿಡುಬಿನ ಕಲೆಯಂತೆ ಕಂಡವು.

ಪಟಿನಾಗೆ, ಅಂದರೆ ಕಂಚನ್ನು ಕಾಯಿಸಿ ರಾಸಾಯನಿಕದಿಂದ ಬಣ್ಣ ಕೊಡುವುದಕ್ಕೆ, ಮೊದಲು ತಂತಿಗೆ ಮರಳು ಹೊಡೆಸಲೇಬೇಕು, ನುಣುಪು ಮೈಗೆ ಬಣ್ಣ ಹಿಡಿಯುವುದಿಲ್ಲ. ಕುದುರೆ ಬಿಸಿಯಾಗುವಷ್ಟರಲ್ಲಿ ಹಗ್ಗ ಎರಡು ಸಲ ಸುಟ್ಟಿರುತ್ತದೆ, ಬಣ್ಣಕ್ಕೆ ಹಚ್ಚಿದ ಫೆರಿಕ್ ನೈಟ್ರೇಟ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಹಗ್ಗ ಕೊನೆಗೆ, ಬೆಂಕಿಯ ಟಾರ್ಚ್ ದೂರ ಹಿಡಿದು, ಸ್ಪ್ರೇ ಬಿಟ್ಟು ಕುಂಚದಲ್ಲಿ.

ಮೂವತ್ತು ಇಂಚು ದಾಟಿದ ಪ್ರತಿಮೆಗೆ 1.6 ಮಿ.ಮೀ. ಟಿಗ್ ಕಡ್ಡಿ ಬೇಕು. ಅದು ಬರುವುದು ಮೂರಡಿ ಉದ್ದ ಮಾತ್ರ. ಜೋಡಣೆಯನ್ನು ಮುಷ್ಟಿಯೊಳಗೆ ಅಡಗಿಸುತ್ತೇನೆ.