ಮುಚ್ಚಬೇಕೆಂದಿದ್ದ ಬಾವಿಯಲ್ಲೇ ಶಾಲೆಗೆ ನೀರು ಕೊಟ್ಟೆವು

"ಅದುಕ್ಕೆ ಮಣ್ಣು ಹಾಕ್ಸಿ ಮುಚ್ಚುಸ್ಬುಡಿ ಅಧ್ಯಕ್ಷರೇ. ನಾಳೆ ಮಗ ಬಿದ್ರೆ ಯಾರು ಹೊಣೆ?"

2022ರ ಜನವರಿಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಾಳುಬಾವಿ ಬಗ್ಗೆ ಮುಕ್ಕಾಲು ಜನ ಹೇಳಿದ್ದು ಇದೇ ಮಾತು. ಈಗ ಅದೇ ಬಾವಿಯ ನೀರನ್ನು 62 ಮಕ್ಕಳು ಕುಡಿಯುತ್ತಿದ್ದಾರೆ. ಬಿಸಿಯೂಟ ಬೇಯುವುದೂ ಅದರಲ್ಲೇ. ಪಕ್ಕದ ಎರಡು ಊರಿನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ನನ್ನ ಕಸುಬು ಪಂಪ್ ಮೋಟಾರ್ ರಿಪೇರಿ. ನಾಗಮಂಗಲ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷದಿಂದ ಬೋರ್‌ಗೆ ಪಂಪ್ ಇಳಿಸಿ ಎತ್ತುತ್ತಿದ್ದೇನೆ. ಕೆಆರ್‌ಎಸ್ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಾಲೆ ನೀರು ನಮ್ಮೂರ ಕಡೆ ಇಲ್ಲ. ಎಲ್ಲದಕ್ಕೂ ಬೋರೇ ಗತಿ. ಶಾಲೆಯ ಬೋರ್ 600 ಅಡಿ ದಾಟಿದೆ. ಅದರ ನೀರಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಮೇಲಿತ್ತು. 1.5 ದಾಟಬಾರದು. ಕುದಿಸಿದರೂ ಅದು ಹೋಗಲ್ಲ. ಅದರಿಂದಲೇ ನನ್ನ ಮಗಳ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿದೆ. ನಾನು ಇಷ್ಟು ಹಠ ಹಿಡಿದದ್ದು ಅದಕ್ಕೇ.

ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ ಊರಲ್ಲಿದೆ ಅಲ್ವಾ ಅಂತ ಕೇಳಬಹುದು. ಇದೆ. ಆದರೆ ಅದು ವರ್ಷದಲ್ಲಿ ಎರಡು ಮೂರು ತಿಂಗಳು ಕೆಟ್ಟು ನಿಂತಿರುತ್ತದೆ. ಸರಿಯಿದ್ದಾಗಲೂ ಶಾಲೆಗೆ ದಿನಾ ಹತ್ತು ಹನ್ನೆರಡು ಕ್ಯಾನ್ ಹೊರುವವರು ಯಾರು?

ಹಾಳುಬಾವಿಗೆ ಕೊಡ ಇಳಿಸಿ, ಪಾಚಿ ಸರಿಸಿ, ಒಂದು ಬಾಟಲಿ ನೀರು ತುಂಬಿಕೊಂಡು ಟೆಸ್ಟ್‌ಗೆ ಕೊಟ್ಟೆ. ಫ್ಲೋರೈಡ್ 0.7 ಬಂತು. ಕೊಳಕನ್ನು ನಾವು ತೆಗೆಯಬಹುದು, ಫ್ಲೋರೈಡ್ ತೆಗೆಯುವುದು ನಮ್ಮ ಕೈಲಿ ಆಗಲ್ಲ. ಅವತ್ತೇ ತೀರ್ಮಾನ ಮಾಡಿದೆ.

ಬಾವಿ 32 ಅಡಿ ಆಳ, 8 ಅಡಿ ಅಗಲ, ಕಲ್ಲು ಕಟ್ಟಡ. ಮಾರ್ಚ್‌ನಲ್ಲಿ ಹೂಳಿಗೆ ಕೈ ಹಾಕಿದೆವು. ಮೊದಲ ತಪ್ಪು ನನ್ನದೇ. ಪಂಪ್ ನನ್ನ ಹತ್ತಿರ ಇದೆಯಲ್ಲ ಅಂತ ದೊಡ್ಡದನ್ನೇ ಇಳಿಸಿ ಎರಡು ಗಂಟೆಯಲ್ಲಿ ನೀರು ಬರಿದು ಮಾಡಿದೆ. ಕಲ್ಲುಗೋಡೆಯ ಹಿಂದಿನ ಮಣ್ಣು ನೆನೆದು ಭಾರವಾಗಿತ್ತು, ಮುಂದೆ ಒತ್ತಿ ಹಿಡಿಯಲು ನೀರಿರಲಿಲ್ಲ. ರಾತ್ರಿ ಪಡುವಣ ಕಡೆಯ ಕಲ್ಲು ಒಂದು ಗಾಡಿಯಷ್ಟು ಕುಸಿಯಿತು. ಹಗಲಲ್ಲಿ ಆಗಿದ್ದರೆ ಕೆಳಗೆ ನಾಲ್ಕು ಜನ ಇರುತ್ತಿದ್ದರು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆಮೇಲೆ ನೀರನ್ನು ದಿನಕ್ಕೆ ಮೂರ್ನಾಲ್ಕು ಅಡಿ ಮಾತ್ರ ಇಳಿಸುತ್ತಾ ಬಂದೆವು. ಒಳಗಿನ ಗಾಳಿ ಉಸಿರಾಡುವ ಹಾಗಿದೆಯಾ ಅಂತ ಬೆಳಿಗ್ಗೆ ದೀಪ ಇಳಿಸಿ ನೋಡದೆ ಯಾರನ್ನೂ ಇಳಿಸಲಿಲ್ಲ. ಹೂಳು, ಕೂಲಿ, ಕಲ್ಲು ಮತ್ತೆ ಕಟ್ಟಿದ್ದು ಸೇರಿ 22 ಸಾವಿರ ಆಯಿತು.

ಮೇಲಿನ ಹತ್ತಡಿಯ ಕಲ್ಲಿನ ಸಂದಿಗಳನ್ನು ಗಾರೆಯಿಂದ ಮುಚ್ಚಿದೆವು. ಮೇಲಿನ ನೀರು ಜಿನುಗಿ ಒಳಗೆ ಬರಬಾರದು ನೋಡಿ. ಆ ಗಾರೆಗೆ ಸಿಮೆಂಟ್ ಜೊತೆ ಏನು ಬೆರೆಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬಾವಿ ಹತ್ತಿರ ಬಂದವರಿಗೆ ತೋರಿಸ್ತೀನಿ. ಮೂರು ಮಳೆಗಾಲ ಕಳೆದರೂ ಒಂದು ಹನಿ ಜಿನುಗಿಲ್ಲ. ಎದೆಯುದ್ದ ಗೋಡೆ, ಸುತ್ತ ನಾಲ್ಕಡಿ ಗಚ್ಚು, ಮೇಲೆ ಕಬ್ಬಿಣದ ಜಾಲರಿಗೆ 35 ಸಾವಿರ.

ಇಷ್ಟರಲ್ಲಿ 2022ರ ಮಳೆ ಶುರುವಾಯಿತು. ಆ ವರ್ಷದ ಮಳೆ ಎಲ್ಲರಿಗೂ ನೆನಪಿರಬೇಕು. ಬಾವಿಯಲ್ಲಿ 12 ಅಡಿ ನೀರು ನಿಂತಿತು, ಅಂದಾಜು 17 ಸಾವಿರ ಲೀಟರ್. ನೀರು ಕದಡಿತ್ತು. ಯಾರೋ ಹೇಳಿದರೆಂದು ನುಗ್ಗೆ ಬೀಜ ಅರೆದು ಒಂದು ಬಕೆಟ್‌ಗೆ ಹಾಕಿ ನೋಡಿದೆ. ಎರಡು ಗಂಟೆಯಲ್ಲಿ ಮಣ್ಣೆಲ್ಲ ತಳಕ್ಕೆ ಕೂತು ನೀರು ತಿಳಿಯಾಯಿತು. ಮಕ್ಕಳಿಗೂ ಖುಷಿ, ನನಗೂ ಖುಷಿ. ಮಾರನೇ ದಿನ ಅದೇ ನೀರು ನಾತ ಹೊಡೆಯಿತು. ಬೀಜದ ಅಂಶ ನೀರಲ್ಲೇ ಕೊಳೆಯುತ್ತದೆ. ಅಲ್ಲಿಗೆ ಅದನ್ನು ಬಿಟ್ಟೆವು. ಕದಡಿದ್ದು ಮೂರು ವಾರದಲ್ಲಿ ತಾನಾಗೇ ಇಳಿಯಿತು.

ನೀರು ಕಣ್ಣಿಗೆ ಚೆನ್ನಾಗಿತ್ತು. ನೀರಿಗೆ ಮಲದ ಕೊಳೆ ಸೇರಿದೆಯಾ ಅಂತ ನೋಡುವ ಪರೀಕ್ಷೆಯ ಸಣ್ಣ ಬಾಟಲಿಗೆ ತುಂಬಿಟ್ಟರೆ ಒಂದೇ ದಿನದಲ್ಲಿ ಕಪ್ಪಾಯಿತು. ಕಪ್ಪಾದರೆ ಕುಡಿಯುವ ಹಾಗಿಲ್ಲ. ಬ್ಲೀಚಿಂಗ್ ಪುಡಿ ಹಾಕಿದೆ, ಮತ್ತೆ ಕಪ್ಪು. ಜಾಸ್ತಿ ಹಾಕಿದೆ, ಮತ್ತೆ ಕಪ್ಪು. ಅಂಗಡಿಯ ಚೀಲ ಯಾವ ಕಾಲದಲ್ಲಿ ಬಿಚ್ಚಿದ್ದೋ, ತೇವ ಹಿಡಿದು ಸತ್ವ ಹೋಗಿತ್ತು. ಪುಡಿಯ ಕ್ಲೋರಿನ್ ನೀರಲ್ಲಿದ್ದರೆ ಕ್ಲೋರಿನ್ ಕಿಟ್‌ನಲ್ಲಿ ಹಳದಿ ಬಣ್ಣ ಬರಬೇಕು, ಬರಲೇ ಇಲ್ಲ. ಮೂರು ಸಾವಿರ ದಂಡ. ಸೀಲ್ ಇದ್ದ ಹೊಸ ಚೀಲ ತಂದು ಹಳೆಯ ಅಳತೆಯಲ್ಲೇ ಸುರಿದೆ. ಈ ಸಲ ಮಕ್ಕಳು ಬಾಯಿಗಿಟ್ಟು ಉಗುಳಿದರು. ಒಂದು ವಾರ ಎಲ್ಲರೂ ಮನೆಗೆ ಓಡಿ ನೀರು ಕುಡಿದು ಬಂದರು. "ಔಷ್ದಿ ನೀರು" ಅಂತ ಹೆಸರೂ ಬಿತ್ತು. ಈಗ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ತೂಕ ಮಾಡಿಯೇ ಹಾಕುತ್ತೇವೆ. ಬೇಸಿಗೆಯಲ್ಲಿ ಜೋಡಿ ಮಡಕೆ ಇಳಿಸುತ್ತೇವೆ, ಅಂದರೆ ಒಂದರೊಳಗೊಂದು ಇಟ್ಟು ಬ್ಲೀಚಿಂಗ್ ನಿಧಾನಕ್ಕೆ ನೀರಿಗೆ ಬಿಡುವ ಮಡಕೆಗಳು. ಬ್ಲೀಚಿಂಗ್‌ಗೆ ಎರಡರಷ್ಟು ದಪ್ಪ ಮರಳು ಬೆರೆಸಬೇಕು. ಸಣ್ಣ ಮರಳು ಹಾಕಿದ್ದಕ್ಕೆ ಒಳಮಡಕೆ ಗಟ್ಟಿ ಕಟ್ಟಿ ಕೂತಿತ್ತು.

ಇದಾದರೂ ಮಳೆ ಬಂದಾಗಲೆಲ್ಲ ಕ್ಲೋರಿನ್ ಅರ್ಧ ದಿನದಲ್ಲೇ ಮಾಯವಾಗುತ್ತಿತ್ತು. ಒಂದು ಸಂಜೆ ಟೇಪ್ ಹಿಡಿದು ಅಳೆದೆ. ಶೌಚಾಲಯದ ಗುಂಡಿ ಬಾವಿಯಿಂದ 34 ಅಡಿ! ಕಡಿಮೆ ಅಂದರೂ 50 ಬೇಕು. ಕಟ್ಟಿದ ಗುತ್ತಿಗೆದಾರರು ಅಳೆದಿರಲಿಲ್ಲ. ನಾವೂ ನೋಡಿರಲಿಲ್ಲ. ಗುಂಡಿಯನ್ನು ಇಳಿಜಾರಿನ ಕೆಳಗೆ 80 ಅಡಿ ದೂರಕ್ಕೆ ಸಾಗಿಸಲು 30 ಸಾವಿರ. ಸಭೆಯಲ್ಲಿ ಜಗಳವೇ ಆಯಿತು. ನನ್ನ ಕೈಯಿಂದ ಹಾಕಿದ 35 ಸಾವಿರದಲ್ಲಿ ಜಾಸ್ತಿ ಪಾಲು ಹೋದದ್ದು ಅಲ್ಲಿಗೇ. ಆದರೆ ಆ ತಿಂಗಳಿಂದ ಬಾವಿಯ ಬಾಟಲಿ ಕಪ್ಪಾಗಿಲ್ಲ.

ಬಾವಿಯದು ಮಾತ್ರ. ತರಗತಿಯ ಡ್ರಮ್‌ನಿಂದ ತುಂಬಿದ ಬಾಟಲಿ ಮಾತ್ರ ಕಪ್ಪಾಗುತ್ತಲೇ ಇತ್ತು! ಎರಡು ದಿನ ಬಾಗಿಲ ಹತ್ತಿರ ಸುಮ್ನೆ ಕೂತು ನೋಡಿದೆ. ಒಂದೇ ಲೋಟ. ಮಗು ಕೈ ಮುಳುಗಿಸಿ ಲೋಟ ತುಂಬುತ್ತದೆ, ಅರ್ಧ ಕುಡಿದು ಉಳಿದದ್ದನ್ನು ಮತ್ತೆ ಡ್ರಮ್‌ಗೇ ಸುರಿಯುತ್ತದೆ. ಬಾವಿಗೆ ಲಕ್ಷ ಸುರಿದಿದ್ದೆವು, ಕೆಟ್ಟಿದ್ದದ್ದು ಕೊನೆಯ ಒಂದು ಗೇಣು. ಡ್ರಮ್‌ಗೆ ನಲ್ಲಿ ಕೂರಿಸಿ ಮುಚ್ಚಳಕ್ಕೆ ಬೀಗ ಹಾಕಿದೆ. ಖರ್ಚು 240 ರೂಪಾಯಿ.

ಕೈ ತೊಳೆಯಲು ಪೈಪಿಗೆ ಆರು ನಲ್ಲಿ ಹಾಕಿ ಕಟ್ಟೆ ಕಟ್ಟಿದೆವು. ಸೋಪು ಇಟ್ಟರೆ ಕಾಗೆ ಹೊತ್ತುಕೊಂಡು ಹೋಗುತ್ತಿತ್ತು. ಈರುಳ್ಳಿ ಬಲೆಯಲ್ಲಿ ಕಟ್ಟಿ ನೇತುಹಾಕಿದ ಮೇಲೆ ಒಂದು ಸೋಪು ಹತ್ತು ದಿನ ಬರುತ್ತಿದೆ. ಭಾಷಣದಿಂದ ಏನೂ ಆಗಲಿಲ್ಲ. ಮೇಡಂ ಮಕ್ಕಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮೇಲೆ ರಂಗೋಲಿ ಬಣ್ಣ ಉದುರಿಸಿದರು. ಬರೀ ನೀರಲ್ಲಿ ತೊಳೆದವರ ಉಗುರು ಸಂದಿಯಲ್ಲಿ ನೀಲಿ ಹಾಗೇ ಉಳಿಯಿತು. ಸೋಪು ಹಚ್ಚಿದವರ ಕೈ ಶುದ್ಧ. ಅವತ್ತು ಮಕ್ಕಳು ಒಬ್ಬರ ಉಗುರನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮುದ್ದೆ ಚೂರುಗಳನ್ನು ತೊಳೆದ ಕೈ, ತೊಳೆಯದ ಕೈಯಲ್ಲಿ ಹಿಸುಕಿ ಕವರ್‌ನಲ್ಲೂ ಇಟ್ಟೆವು. ಬೂಷ್ಟು ಎರಡಕ್ಕೂ ಬಂತು, ತೊಳೆಯದ್ದಕ್ಕೆ ಎರಡು ದಿನ ಮೊದಲು. ಆ ಪ್ರಯೋಗ ಅಷ್ಟೇನೂ ಪಕ್ಕಾ ಅಲ್ಲ, ಆದರೆ ಮಕ್ಕಳು ಮನೆಗೆ ಹೋಗಿ ಅದನ್ನೇ ಹೇಳಿದರು.

ಪಂಪ್, ಟ್ಯಾಂಕ್, ಪೈಪು, ಕಟ್ಟೆ, ದಂಡ ಎಲ್ಲ ಸೇರಿ ಹತ್ತಿರ ಹತ್ತಿರ 1 ಲಕ್ಷ 30 ಸಾವಿರ ಆಗಿದೆ. ಪಂಚಾಯ್ತಿಯಿಂದ 40, ಊರಿನಿಂದ 55, ಉಳಿದದ್ದು ನಾನು.

2023ರ ಬರದಲ್ಲಿ ಊರಿನ ಎರಡು ಬೋರ್ ಕೈಕೊಟ್ಟವು. ನಮ್ಮ ಬಾವಿಯಲ್ಲಿ ನಾಲ್ಕಡಿ ನೀರು ನಿಂತಿತ್ತು. ಶಾಲೆಯ ಮಾಳಿಗೆ ಸುಮಾರು ಸಾವಿರದ ನೂರು ಚದರಡಿ. ಇಲ್ಲಿ ಬೀಳುವ 700 ಮಿಲಿಮೀಟರ್ ಮಳೆಗೆ ಸೋರಿದ್ದು ಕಳೆದರೂ ವರ್ಷಕ್ಕೆ 50 ಸಾವಿರ ಲೀಟರ್ ಸಿಗಬೇಕು. ಆ ನೀರನ್ನು ಬಾವಿ ಪಕ್ಕದ ಜಲ್ಲಿ ಗುಂಡಿಗೆ ಇಳಿಸಿದ್ದೇವೆ.

ಕ್ಲೋರಿನ್ ನೋಡುವ ಕೆಲಸ ಈಗ ಏಳನೇ ತರಗತಿ ಮಕ್ಕಳದ್ದು. ಸೋಮವಾರ, ಗುರುವಾರ ಹನಿ ಬಿಟ್ಟು ಹಳದಿ ಬಣ್ಣ ನೋಡಿ ಗೋಡೆಯ ಮೇಲೆ ಬರೆಯುತ್ತಾರೆ. ಬಣ್ಣ ಬರದಿದ್ದರೆ ನನಗೆ ಫೋನ್ ಬರುತ್ತದೆ. ಬರುವ ಮಾರ್ಚ್‌ನಲ್ಲಿ ಮತ್ತೆ ಹೂಳು ತೆಗೆಸಬೇಕು. ಅದೇ ನಾಲ್ಕು ಆಳುಗಳಿಗೆ ಹೇಳಿಟ್ಟಿದ್ದೇನೆ. ಹೋದ ಸಲಕ್ಕಿಂತ ಮೂರು ಸಾವಿರ ಜಾಸ್ತಿ ಕೇಳುತ್ತಿದ್ದಾರೆ. ಕೊಡ್ತೀನಿ.