ಎರಡು ಮೊರ, ಒಂದು ದಾಳ: ದೂರದ ಸಮುದ್ರಗಳು ಜೊತೆಯಾಗುವುದನ್ನು ಜಗಲಿಯಲ್ಲೇ ನೋಡಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಂಥ ಸಂಜೆಗೆ ಈ ಆಟ. ನೂರು ಅಡಿಕೆ, ಎರಡು ಮೊರ, ಲೂಡೋ ಡಬ್ಬಿಯ ದಾಳ ಸಾಕು. ಅಡಿಕೆ ಮುಟ್ಟಿದರೆ ಮನೆಯಲ್ಲಿ ಬೈಯುತ್ತಾರೆ ಅಂದರೆ ಹುಣಸೆ ಬೀಜ ತಗೊಳ್ಳಿ.

ಒಂದು ಮೊರಕ್ಕೆ 60, ಇನ್ನೊಂದಕ್ಕೆ 4 ಹಾಕಿ. ಪ್ರತಿ ಸುತ್ತಿನಲ್ಲೂ ಎರಡರಲ್ಲೂ ಅರ್ಧ ಮಾತ್ರ ಉಳಿಸಿ (ಬೆಸ ಬಂದರೆ ಹೆಚ್ಚಿನ ಒಂದನ್ನೂ ತೆಗೆಯಿರಿ), ಆಮೇಲೆ ದಾಳ ಒಂದೇ ಸಲ ಉರುಳಿಸಿ ಬಿದ್ದಷ್ಟನ್ನು ಎರಡಕ್ಕೂ ಸೇರಿಸಿ. ನನಗೆ 3, 5, 2, 6, 1, 4, 4 ಬಿತ್ತು. ಮೊದಲ ಸುತ್ತಿಗೆ 33 ಮತ್ತು 5, ಆಮೇಲೆ 21 ಮತ್ತು 7, ಹೀಗೇ ಹೋಗಿ ಏಳನೆಯದಕ್ಕೆ ಎರಡರಲ್ಲೂ 7! ಅಲ್ಲಿಂದ ಮುಂದೆ ಏರಿದರೂ ಇಳಿದರೂ ಜೊತೆಜೊತೆಗೇ. ಒಂದು ಮೊರಕ್ಕೆ ಇನ್ನೊಂದರ ಸುದ್ದಿಯೇ ಗೊತ್ತಿಲ್ಲ, ಅಲ್ವಾ?

ಈಗ ಅರ್ಧ ತೆಗೆಯುವುದನ್ನು ಬಿಟ್ಟು ಸುಮ್ನೆ ಸೇರಿಸುತ್ತಾ ಹೋಗಿ. 56ರ ಅಂತರ ಕೊನೆವರೆಗೂ ಹಾಗೇ ಇರುತ್ತದೆ. ಅಂದರೆ ಒಂದೇ ತಳ್ಳು ಸಿಕ್ಕರೆ ಸಾಲದು, ಹಳೆಯದನ್ನು ಮರೆಯಲೂ ಬೇಕು. ಸಮುದ್ರ ಮರೆಯುವುದು ಹೀಗೆ: ಬಿಸಿಯಾದ ನೀರು ಆ ಬಿಸಿಯನ್ನು ಗಾಳಿಗೆ ಬಿಟ್ಟು ತಣಿಯುತ್ತದೆ.

ಅಮೆರಿಕದ ಪೂರ್ವ ಕರಾವಳಿಯ ಗಲ್ಫ್ ಸ್ಟ್ರೀಮ್, ಜಪಾನಿನ ಪಕ್ಕದ ಕುರೋಶಿಯೊ, ಎರಡೂ ಬೆಚ್ಚಗಿನ ಪ್ರವಾಹಗಳು. ಅವು ಬೇರೆ ಬೇರೆ ಸಾಗರದಲ್ಲಿದ್ದರೂ ಅವುಗಳ ನೀರಿನ ಬಿಸಿ ವರ್ಷಗಳ ಲೆಕ್ಕದಲ್ಲಿ ಒಟ್ಟಿಗೇ ಏರಿಳಿಯುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಎರಡರ ಮೇಲೂ ಹಾಯುವುದು ಆಕಾಶದ ಎತ್ತರದಲ್ಲಿ ಪಡುವಣದಿಂದ ಜೋರಾಗಿ ಬೀಸುವ ಅದೇ ಜೆಟ್ ಗಾಳಿ. ನಮ್ಮ ಮೊರಗಳು ಆ ಎರಡು ಪ್ರವಾಹಗಳು, ದಾಳ ಈ ಗಾಳಿ ಅಂದುಕೊಳ್ಳಿ. ಆದರೆ ನಿಜವಾದ ಸಮುದ್ರ ಗಾಳಿಯನ್ನೂ ತಿರುಗಿ ದೂಡುತ್ತದೆ, ಆಟದಲ್ಲಿ ಅದಿಲ್ಲ.

ಅರ್ಧದ ಬದಲು ಕಾಲುಭಾಗ ಮಾತ್ರ ತೆಗೆದರೆ? ಜೊತೆಯಾಗಲು ಜಾಸ್ತಿ ಹೊತ್ತು ಬೇಕು, ಏರಿಳಿತವೂ ನಿಧಾನ. ದಿನದಿನದ ಗೊತ್ತುಗುರಿಯಿಲ್ಲದ ಹವೆ ಸಮುದ್ರದಲ್ಲಿ ಹೀಗೆ ನಿಧಾನದ ದೊಡ್ಡ ಏರಿಳಿತವಾಗುತ್ತದೆ ಎಂದು ಜರ್ಮನಿಯ ಹವಾಮಾನ ವಿಜ್ಞಾನಿ ಕ್ಲಾಸ್ ಹ್ಯಾಸೆಲ್‌ಮನ್ 1976ರಲ್ಲೇ ತೋರಿಸಿದ್ದರು. ಅವರಿಗೆ ನೊಬೆಲ್ ಬಂದದ್ದು 2021ರಲ್ಲಿ!

ಕೊನೆಗೆ ಮೂರು ದಾಳದ ಆಟ, ನನಗೆ ಇದೇ ಇಷ್ಟ. ಒಂದು ದಾಳ ಎರಡೂ ಮೊರಕ್ಕೆ ಸೇರಿದ್ದು, ಉಳಿದೆರಡು ಮೊರಕ್ಕೊಂದರಂತೆ. ಲೆಕ್ಕ ಒಂದೇ ಆಗುವುದಿಲ್ಲ, ಆದರೆ ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುತ್ತದೆ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇಪ್ಪತ್ತು ಮೂವತ್ತು ಸುತ್ತು ಆಡದೆ ಇದು ಕಣ್ಣಿಗೆ ಬೀಳುವುದಿಲ್ಲ.